ಮೂವತ್ತೇಳು ಅಡಿ ಮನೆ

ನೀಲವ್ವನಿಗೆ ಒಬ್ಬನೇ ಮಗ, ದ್ಯಾಮಣ್ಣ. ಹಾಲು ಉಕ್ಕೋದು ನೋಡು ಅಂದರೆ, ಉಕ್ಕಿ ಒಲೆ ಆರುವ ತನಕ ನೋಡುತ್ತ ಕೂರುವವನು. ಅವಳಿಗೆ ಅದೊಂದು ಚಿಂತೆ. ಅದಕ್ಕಿಂತ ದೊಡ್ಡದು ಹೊಟ್ಟೆಕಿಚ್ಚು. ಓಣಿಯ ಆಚೆ, ಎದುರಿಗೇ, ಅವಳ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ ಚಂಬವ್ವ, ಹೊಸ ಮನೆ ಕಟ್ಟಿಸಿದ್ದಳು. ಬೆಳಗಾದರೆ ಅದೇ ಕಣ್ಣಿಗೆ ಬೀಳುತ್ತಿತ್ತು.

ಆ ಸಲ ಊರಿನ ನಕ್ಷೆ ಮಾಡಲು ಅರ್ಷಿಯಾ ಮೇಡಂ ಬಂದರು. ದ್ಯಾಮಣ್ಣನ ಕೈಗೆ ಒಂದು ಟ್ಯಾಬ್ ಕೊಟ್ಟು, ಓಣಿಯ ಮನೆಗಳನ್ನೆಲ್ಲ ಇದರಲ್ಲಿ ಗೆರೆ ಎಳೆದು ತೋರಿಸು, ಮನೆಯ ಮೇಲೆ ಬೆರಳಿಟ್ಟರೆ ಅದರ ನಿಜವಾದ ಅಳತೆ ಕಾಣುತ್ತದೆ ಅಂದರು.

ಚಂಬವ್ವನ ಮನೆ ಎಷ್ಟು ದೊಡ್ಡದೋ ನೋಡಿಕೊಂಡು ಬಾ ಅಂತ ಅವ್ವನೂ ಹೇಳಿದಳು. ದ್ಯಾಮಣ್ಣ ಹೋಗಿ ಚಂಬವ್ವನ ಗೋಡೆಯ ಮೇಲೆ ಬೆರಳಿಟ್ಟು ನಿಂತ. ಮಧ್ಯಾಹ್ನದ ತನಕ ನಿಂತ. ಅಳತೆ ಕಾಣಲಿಲ್ಲ, ಬೆರಳಿಗೆ ಸುಣ್ಣ ಹತ್ತಿತು.

ಮೇಡಂ ಬೈದರು. ಗೋಡೆಯ ಮೇಲಲ್ಲ ಮಾರಾಯ, ಅಳತೆ ಇರೋದು ಪರದೆಯ ಮೇಲೆ ಅಂದರು.

ಸರಿ, ದ್ಯಾಮಣ್ಣ ಬೆರಳು ಜೋಡಿಸಿ ಪರದೆಯನ್ನೇ ಅಳೆದ. ತಮ್ಮ ಮನೆಯನ್ನು ಪರದೆಯಲ್ಲಿ ದೊಡ್ಡದು ಮಾಡಿ ನೋಡಿದ್ದ, ಅದು ಒಂಬತ್ತು ಬೆರಳು ಬಂತು. ದೊಡ್ಡವ್ವ ಚಂಬವ್ವನದನ್ನು ಚಿಕ್ಕದಾಗಿಯೇ ಬಿಟ್ಟು ನೋಡಿದ್ದ, ಅದು ಎರಡೇ ಬೆರಳು. ನೀಲವ್ವ ಹಿಗ್ಗಿ ಹೀರೇಕಾಯಿಯಾದಳು. ನಳದ ಹತ್ತಿರ ಹೋಗಿ, ತನ್ನ ಮನೆ ನಾಲ್ಕು ಪಟ್ಟು ದೊಡ್ಡದು ಅಂತ ಸಾರಿಬಿಟ್ಟಳು. ಹೆಂಗಸರು ಕೊಡ ಕೆಳಗಿಟ್ಟು ನಕ್ಕರು.

ಮೇಡಂ ಮತ್ತೆ ಬೈದರು. ಮನೆಯ ಪಕ್ಕ ಮೂಡುವ ಅಂಕಿಯನ್ನು ಓದಬೇಕು, ನಕ್ಷೆಯಲ್ಲಿರುವುದೂ ನೆಲದ ಮೇಲಿರುವುದೂ ಒಂದೇ ಆಗಿರಬೇಕು, ವ್ಯತ್ಯಾಸ ಕಂಡರೆ ಕೂಡಲೇ ಸರಿಮಾಡು ಅಂದರು.

ದ್ಯಾಮಣ್ಣ ಅಂಕಿ ಓದಿದ. ದೊಡ್ಡವ್ವನ ಮನೆ ಮೂವತ್ತಾರು ಅಡಿ ಉದ್ದ. ತಮ್ಮದು ಇಪ್ಪತ್ನಾಲ್ಕು.

ಕೇಳಿದ ನೀಲವ್ವ ಉಣ್ಣಲಿಲ್ಲ. ಎದುರಿನ ಮನೆ ಕಾಣಬಾರದೆಂದು ಕಿಟಕಿ ಮುಚ್ಚಿ, ಮಗನನ್ನು ಕರೆದಳು.

"ನಮ್ಮ ಮನಿ ಗೆರಿ ಓಣಿ ಕಡೆ ಜಗ್ಗು. ಅಕೀದಕ್ಕಿಂತ ಒಂದಡಿಯಾದ್ರೂ ಹೆಚ್ಚು ಕಾಣಬೇಕು."

ದ್ಯಾಮಣ್ಣ ಬೆರಳಿನಿಂದ ಜಗ್ಗಿದ. ಪಕ್ಕದಲ್ಲಿ ಮೂವತ್ತೇಳು ಅಂತ ಮೂಡಿತು. ನೀಲವ್ವ ಎರಡು ರೊಟ್ಟಿ ಹೆಚ್ಚಿಗೆ ತಿಂದು, ಎದ್ದು ಸಂತೆಗೆ ಹೋದಳು.

ಇತ್ತ ದ್ಯಾಮಣ್ಣ ಟೇಪು ಹಿಡಿದು ಮನೆ ಅಳೆದ. ನಕ್ಷೆಯಲ್ಲಿ ಮೂವತ್ತೇಳು, ನೆಲದ ಮೇಲೆ ಇಪ್ಪತ್ನಾಲ್ಕು. ವ್ಯತ್ಯಾಸ ಕಂಡಿತು. ಹಾರೆ ತಂದ.

ಸಂಜೆ ನೀಲವ್ವ ಬಂದಾಗ ಮನೆಗೆ ಮುಂದಿನ ಗೋಡೆ ಇರಲಿಲ್ಲ. ಅದರ ಕಲ್ಲುಗಳು ಓಣಿಯನ್ನೇ ದಾಟಿ, ಚಂಬವ್ವನ ಬಾಗಿಲಿಗೆ ಒತ್ತಿ ಸಾಲಾಗಿ ನಿಂತಿದ್ದವು. ಸಾಲಿನ ಈಚೆ, ನೀಲವ್ವನ ಮನೆಯ ಕಡೆಗೆ ಸೇರಿಹೋದ ತನ್ನ ಕಟ್ಟೆಯ ಮೇಲೆ, ಮೊರದ ತುಂಬ ಅಕ್ಕಿ ಇಟ್ಟುಕೊಂಡು ಚಂಬವ್ವ ಎತ್ತ ಹೋಗಬೇಕೋ ತಿಳಿಯದೆ ಕೂತಿದ್ದಳು.

ನೀಲವ್ವನ ಕೈಯಿಂದ ಸಂತೆಯ ಚೀಲ ಜಾರಿತು. ದ್ಯಾಮಣ್ಣ ಮಣ್ಣಿನ ಕೈಯಲ್ಲೇ ಅದನ್ನು ಎತ್ತಿಕೊಟ್ಟ.

"ಯವ್ವಾ, ಅಳತಿ ಸರಿ ಆತು. ದೊಡ್ಡವ್ವ ಈಗ ನಮ್ಮ ಮನಿಯಾಗ ಬಂದಾಳ. ಅಕೀಗೂ ರೊಟ್ಟಿ ಬಡಿ."