ಗಾಣದ ಮನೆ ನಿಂಗಿ ಬೀಜ ತಿಂದದ್ದು

ಒಂದಾನೊಂದು ಕಾಲದಲ್ಲಿ, ಎತ್ತು ಕಟ್ಟಿ ಗಾಣ ತಿರುಗಿಸ್ತಿದ್ದ ಕಾಲದಲ್ಲಿ, ಹುಣಸೇಕಟ್ಟೆ ಅಂತ ಒಂದೂರಂತೆ. ಆ ಊರಲ್ಲಿ ಮುದ್ದಯ್ಯ ಅಂತ ಗಾಣದವನು, ಅವನ ಹೆಂಡತಿ ದ್ಯಾಮಕ್ಕ, ಅವರಿಗೆ ಮೂರು ಮಕ್ಕಳು. ಮೊದಲಿನವು ಎರಡೂ ಗಂಡು, ಕಲ್ಲು ಕೊಟ್ರೂ ಅರಗಿಸಿಕೊಳ್ಳೋವು. ಮೂರನೇದು ಹೆಣ್ಣು, ನಿಂಗಿ ಅಂತ. ಆ ಮನೇಲಿ ಎಲ್ಲಿ ಕೈಯಿಟ್ರೂ ಬೀಜವೇ. ಮೂಲೇಲಿ ಎಳ್ಳಿನ ಚೀಲ, ಪಡಸಾಲೇಲಿ ಕಡಲೆಕಾಯಿ ರಾಶಿ, ಅಟ್ಟದ ಮೇಲೆ ಹುಚ್ಚೆಳ್ಳು. ಅಂಥಾ ಮನೇಲಿ ಹುಟ್ಟಿಯೂ ಈ ಹುಡುಗಿ ಒಂದು ಎಳ್ಳುಕಾಳನ್ನೂ ಬಾಯಿಗೆ ಹಾಕೋ ಹಂಗಿರಲಿಲ್ವಂತೆ.

ಯಾಕೆ ಅಂತೀಯಾ, ಹೇಳ್ತೀನಿ ಕೇಳು. ನಿಂಗಿಗೆ ನಾಲ್ಕು ತುಂಬಿದ ವರ್ಷ ಹೊಟ್ಟೆಬೇನೆ ಶುರುವಾಯ್ತಂತೆ. ಮುದ್ದೆ ತಿಂದ್ರೂ ನಿಲ್ಲಲಿಲ್ಲ, ಅನ್ನ ತಿಂದ್ರೂ ನಿಲ್ಲಲಿಲ್ಲ, ಆಮೇಲೆ ಮಲದಲ್ಲಿ ರಕ್ತಾನೂ ಬೀಳೋಕೆ ಹತ್ತಿತು, ಮಗು ಸೊರಗಿ ಕಡ್ಡಿಯಾಯ್ತು. ಮೊದಲು ಒಬ್ಬ ಬಂದು ದಾರ ಕಟ್ಟಿದ, ಆಮೇಲೆ ಇನ್ನೊಬ್ಬ ಬಂದು ಬೆಲ್ಲದ ಪಾಕದಂಥ ಲೇಹ್ಯ ನೆಕ್ಕಿಸಿದ, ಏನೂ ಆಗಲಿಲ್ಲ. ಮೂರನೇದಾಗಿ ಗುಡ್ಡದಾಚೆ ಊರಿಂದ ಮದ್ದು ಕೊಡೋ ಈರಜ್ಜಿ ಬಂದ್ಲಂತೆ. ಹೊಟ್ಟೆ ಒತ್ತಿ ನೋಡಿ, ನಾಲಗೆ ನೋಡಿ, ಮೂಗು ಮುಚ್ಚಿಕೊಳ್ಳದೆ ಮಲವನ್ನೂ ನೋಡಿ, ಇವಳ ಕರುಳು ತರಚಿಹೋಗಿದೆ ಕಣಮ್ಮ, ತರಚಿದ ಮಂಡಿ ಮೇಲೆ ಯಾರಾದ್ರೂ ಮರಳು ಹಾಕಿ ಉಜ್ಜುತಾರಾ, ಹಂಗೇ ಇವಳಿಗೆ ಮುದ್ದೆ ಬೇಡ, ಕಾಳು ಬೇಡ, ಬೀಜವಂತೂ ಬೇಡವೇ ಬೇಡ ಅಂದ್ಲಂತೆ. ಕೋಳಿಮೂಳೆ ಬೇಯಿಸಿ ಸೋಸಿದ ಸಾರಿನ ತಿಳಿ, ಬೇಯಿಸಿ ಕಿವುಚಿದ ಬೂದುಗುಂಬಳ, ಮಜ್ಜಿಗೆ ಮೇಲಿನ ತಿಳಿನೀರು, ಇಷ್ಟರ ಮೇಲೇ ಮಗು ಇರಬೇಕು ಅಂತ ಪಥ್ಯ ಹೇಳಿ ಹೋದ್ಲಂತೆ.

ಪಥ್ಯ ಹಿಡಿದು ಮೂರು ವಾರ ಆಗಿತ್ತು. ಒಂದು ದಿನ ಗಂಡುಮಕ್ಕಳು ಅಂಗಳದಲ್ಲಿ ಕಡಲೆಕಾಯಿ ಸುಟ್ಟು ಸುಲಿದು ತಿಂತಿದ್ವಂತೆ. ಆ ವಾಸನೆಗೆ ನಿಂಗಿ ಅಳೋಕೆ ಶುರುಮಾಡಿದ್ಲು. ಜೋರಾಗಿ ಅಳೋಕೂ ಶಕ್ತಿ ಇಲ್ಲ, ಕಣ್ಣಿಂದ ಸುಮ್ನೆ ನೀರಿಳೀತಿತ್ತು. ದ್ಯಾಮಕ್ಕನಿಗೆ ತಡೆಯೋಕಾಗಲಿಲ್ಲ. ಹೆತ್ತ ಹೊಟ್ಟೆ, ಒಂದು ಹಿಡಿ ತಿಂದ್ರೆ ಏನಾದೀತು ಅಂತ ಬಾಗಿಲ ಮರೇಲಿ ಕೂರಿಸ್ಕೊಂಡು ತಿನ್ನಿಸಿಬಿಟ್ಲಂತೆ. ಅದಾದ ಮೇಲೆ ಮೂರು ದಿನ ಮಗು ಕಣ್ಣು ಬಿಡಲಿಲ್ಲ. ಮೈ ಸುಡೋದು, ಅಂಗಾಲು ಮಾತ್ರ ತಣ್ಣಗೆ. ಯಾರು ಏನು ಕೊಟ್ರಿ ಅಂತ ಮುದ್ದಯ್ಯ ಎಲ್ಲರನ್ನೂ ಕೇಳಿದ, ದ್ಯಾಮಕ್ಕ ತಲೆ ತಗ್ಗಿಸಿ ನಿಂತಿದ್ಲು. ಗಂಡುಮಕ್ಕಳೇ ಕೊಟ್ಟಿರಬೇಕು ಅಂತ ಅವಕ್ಕೆ ಎರಡೆರಡು ಏಟು ಬಿತ್ತು, ಆಗಲೂ ಅವಳು ಬಾಯಿ ಬಿಡಲಿಲ್ವಂತೆ.

ಈರಜ್ಜಿ ಮತ್ತೆ ಬಂದ್ಲು, ನೋಡಿದ್ಲು, ಯಾರನ್ನೂ ಏನೂ ಕೇಳಲಿಲ್ಲ. ಮೊದಲಿಂದ ಶುರುಮಾಡೋಣ ಅಂತಷ್ಟೇ ಅಂದ್ಲು. ಆಮೇಲೆ ದ್ಯಾಮಕ್ಕನ ಪಥ್ಯ ಅಂದ್ರೆ ಪಥ್ಯ. ಸಾರನ್ನ ಎರಡು ಸಲ ಬಟ್ಟೇಲಿ ಸೋಸೋಳು, ಗಾಣದ ಹತ್ತಿರಕ್ಕೂ ಮಗೂನ ಬಿಡ್ತಿರಲಿಲ್ಲ. ಹಿಂಗೇ ಒಂದು ವರ್ಷ ಆಯ್ತು. ನಿಂಗಿ ಕೆನ್ನೆ ತುಂಬಿಕೊಂಡ್ತು, ಅಣ್ಣಂದಿರ ಹಿಂದೆ ಓಡೋಕೂ ಶುರುಮಾಡಿದ್ಲಂತೆ.

ಆಗ ಈರಜ್ಜಿ ಬಂದು, ಇನ್ನು ಬೀಜ ಶುರುಮಾಡು ದ್ಯಾಮಕ್ಕ ಅಂದ್ಲು. ದ್ಯಾಮಕ್ಕ ಮಗೂನ ಹತ್ತಿರಕ್ಕೆ ಎಳ್ಕೊಂಡ್ಲು. ಬೇಡಜ್ಜಿ, ಚೆನ್ನಾಗಿದಾಳೆ, ಹಿಂಗೇ ಇರ್ಲಿ ಅಂದ್ಲಂತೆ. ಹಿಂಗೇ ಎಷ್ಟು ದಿನ ಇಡ್ತೀಯಾ, ಗಾಯ ಒಣಗಿದ ಮೇಲೂ ಕಟ್ಟು ಬಿಚ್ಚದೆ ಇದ್ರೆ ಮಂಡಿ ಮಡಚೋದನ್ನೇ ಮರೆಯುತ್ತೆ, ಬೆಳೆಯೋ ಮೂಳೆಗೆ ಬರೀ ತಿಳಿ ಸಾಲೋದಿಲ್ಲ ಅಂತ ಈರಜ್ಜಿ ಅಂದು, ಹೆಂಗೆ ಮಾಡಬೇಕು ಅಂತ ಕೂತು ಹೇಳಿಕೊಟ್ಲಂತೆ. ಒಂದು ಸಲಕ್ಕೆ ಒಂದೇ ಜಾತಿ ಬೀಜ. ಉಪ್ಪುನೀರಲ್ಲಿ ನೆನೆಸಬೇಕು, ಸಿಪ್ಪೆ ಸುಲಿಯಬೇಕು, ನುಣ್ಣಗೆ ಅರೆದು ಬಟ್ಟೇಲಿ ಹಿಂಡಬೇಕು. ಮೊದಲು ಮುಂಗೈ ಒಳಗಡೆ ಒಂದು ಬೊಟ್ಟು ಹಚ್ಚಿ ಒಂದು ದಿನ ನೋಡು, ಚರ್ಮ ಕೆಂಪಾಗದೆ ಇದ್ರೆ ನಾಲಗೆಗೆ ಒಂದು ಬೊಟ್ಟು, ಅದಕ್ಕೂ ಏನೂ ಆಗದಿದ್ರೆ ಕಾಲು ಚಮಚ, ಆಮೇಲೆ ಮೂರು ದಿನ ಸುಮ್ನೆ ಕಾಯಿ. ಅವಸರ ಪಟ್ಟೆಯೋ ಕೆಟ್ಟೆ ಅಂದ್ಲಂತೆ.

ಮೊದಲನೇದು ಸಿಹಿಗುಂಬಳದ ಬೀಜ. ಹಸಿರು ಬೀಜ ಒಂದೊಂದೇ ಉಗುರಲ್ಲಿ ಬಿಡಿಸಿ, ಅರೆದು, ಹಿಂಡಿ, ಸಾರಿನ ತಿಳೀಲಿ ಬೆರೆಸಿ ಕೊಟ್ಲು. ಮಗು ಒಂದು ಗುಟುಕು ಕುಡಿದು, ಹುಲ್ಲಿನ ಹಂಗಿದೆ ಅಂತು. ಮೂರು ದಿನ ಕಳೀತು, ಏನೂ ಆಗಲಿಲ್ಲ. ಕಾಲು ಚಮಚ ಅರ್ಧ ಆಯ್ತು, ಅರ್ಧ ಒಂದಾಯ್ತು, ಅದು ಒಗ್ಗಿತಂತೆ.

ಎರಡನೇದು ಎಳ್ಳು. ಮುಂಗೈಗೆ ಹಚ್ಚಿದಾಗ ಏನೂ ಆಗಲಿಲ್ಲ, ನಾಲಗೆಗೂ ಏನೂ ಆಗಲಿಲ್ಲ. ಕಾಲು ಚಮಚ ಕೊಟ್ಟ ಎರಡನೇ ದಿನ ಬೆಳಿಗ್ಗೆ ನಿಂಗಿ ಹೊಟ್ಟೆ ಹಿಡ್ಕೊಂಡು ಮುದುಡಿ ಕೂತಿದ್ಲಂತೆ, ಕತ್ತಿನ ಸುತ್ತ ಕೆಂಪು ಗುಳ್ಳೆ. ದ್ಯಾಮಕ್ಕ ಕೈಯಲ್ಲಿದ್ದ ಬಟ್ಟಲು ಅಲ್ಲೇ ಬಿಟ್ಟು, ದೊಡ್ಡ ಮಗನನ್ನ ಈರಜ್ಜಿ ಊರಿಗೆ ಓಡಿಸಿದ್ಲು. ಈರಜ್ಜಿ ಬಂದು ನೋಡಿ, ಹೆದರೋದೇನಿಲ್ಲ, ಎಳ್ಳು ಇವಳಿಗೆ ಆಗೋದಿಲ್ಲ ಅಷ್ಟೇ, ನಿಲ್ಲಿಸು, ಒಂಬತ್ತು ದಿನ ಬರೀ ಸಾರು ಕೊಡು, ಆಮೇಲೆ ಮೂರನೇದು ನೋಡೋಣ ಅಂದ್ಲಂತೆ. ಮೂರನೇದು ಯಾವ್ದು ಅಂತ ದ್ಯಾಮಕ್ಕ ಕೇಳಿದ್ಲು. ಕಡಲೆಬೀಜ ಅಂದ್ಲು ಈರಜ್ಜಿ, ನಿಮ್ಮನೇಲಿ ಇವಳು ದಿನಾ ತುಳಿಯೋದೇ ಅದನ್ನ, ಅದು ಆಗುತ್ತೋ ಆಗೋದಿಲ್ವೋ ಗೊತ್ತಿಲ್ದೆ ಹೆಂಗೆ ಬೆಳೆಸ್ತೀಯಾ.

ಅದೊಂದು ನನ್ನ ಕೈಲಿ ಆಗೋದಿಲ್ಲಜ್ಜಿ, ಅವತ್ತು ಕೊಟ್ಟೋಳು ನಾನೇ, ಬಾಗಿಲ ಮರೇಲಿ ಕೂತು ನಾನೇ ತಿನ್ನಿಸಿದ್ದು, ಮಕ್ಕಳಿಗೆ ಏಟು ಬಿದ್ರೂ ಸುಮ್ನಿದ್ದೆ ಅಂದ್ಲು ದ್ಯಾಮಕ್ಕ.

ಗೊತ್ತು ಅಂದ್ಲು ಈರಜ್ಜಿ. ಬೀಜದ ಚೂರು ಮಲದಲ್ಲೇ ಕಂಡಿತ್ತು. ಮಕ್ಕಳು ಕದ್ದು ಕೊಟ್ಟಿದ್ರೆ ಒಂದೋ ಎರಡೋ ಕೊಡ್ತಿದ್ವು, ಹಿಡಿ ತುಂಬ ಕೊಡೋದು ತಾಯೀನೇ.

ಗೊತ್ತಿದ್ದೂ ಯಾಕಜ್ಜಿ ಹೇಳಲಿಲ್ಲ?

ಹೇಳಿದ್ರೆ ನಿನ್ನ ಗಂಡ ನಿನ್ನ ಕೈಯಿಂದ ಬಟ್ಟಲು ಕಿತ್ಕೊಳ್ತಿದ್ದ, ಆಮೇಲೆ ಎರಡು ಸಲ ಸಾರು ಸೋಸೋರು ಯಾರಿದ್ರು ಅಂದ್ಲಂತೆ ಈರಜ್ಜಿ.

ಬಾಗಿಲಲ್ಲಿ ನಿಂತಿದ್ದ ಮುದ್ದಯ್ಯ ಎಲ್ಲಾನೂ ಕೇಳಿಸ್ಕೊಂಡ. ಹೋಗಿ ಗಾಣದ ಎತ್ತು ಬಿಚ್ಚಿದ, ಗಂಡುಮಕ್ಕಳಿಬ್ಬರನ್ನೂ ಕರೆದು ತಲೆ ಸವರಿದ, ತುಂಬ ಹೊತ್ತು ಅವರ ಜೊತೆ ಜಗಲಿ ಮೇಲೆ ಕೂತಿದ್ದನಂತೆ.

ಒಂಬತ್ತು ದಿನ ಆಯ್ತು. ಗುಳ್ಳೆ ಆರಿತು, ಹೊಟ್ಟೆ ಸರಿಹೋಯ್ತು. ದ್ಯಾಮಕ್ಕ ನಾಲ್ಕೇ ನಾಲ್ಕು ಕಡಲೆಬೀಜ ನೆನೆಸಿ, ಮೆತ್ತಗೆ ಬೇಯಿಸಿ, ಸಿಪ್ಪೆ ತೆಗೆದು, ಅರೆದು ಹಾಲು ಹಿಂಡಿದ್ಲು. ಮುಂಗೈಗೆ ಹಚ್ಚಿದ್ದಾಯ್ತು, ಏನೂ ಆಗಲಿಲ್ಲ. ನಾಲಗೆಗೆ ಹಚ್ಚಿದ್ದಾಯ್ತು, ಅದಕ್ಕೂ ಏನೂ ಆಗಲಿಲ್ಲ. ಚಮಚ ತಂದ ದಿನ ಮಾತ್ರ ನಿಂಗಿ ಬಾಯಿ ಬಿಗಿಯಾಗಿ ಮುಚ್ಚಿಬಿಟ್ಲಂತೆ. ಪುಸಲಾಯಿಸಿದ್ಲು, ಗದರಿದ್ಲು, ಯಾವ್ದಕ್ಕೂ ಬಗ್ಗಲಿಲ್ಲ. ಯಾಕಮ್ಮ ನಿಂಗಿ ಅಂತ ಕೇಳಿದ್ರೆ, ನೀನೂ ಬೀಜ ತಿನ್ನಲ್ವಲ್ಲಮ್ಮ, ಅಪ್ಪ ಅಣ್ಣ ಎಲ್ಲಾ ತಿಂತಾರೆ, ನೀನು ಮಾತ್ರ ಚಟ್ನೀನೂ ಹಾಕ್ಕೊಳ್ಳಲ್ಲ, ನಾನ್ಯಾಕೆ ತಿನ್ಲಿ ಅಂತು ಮಗು.

ಅದು ನಿಜವಂತೆ. ಆ ಹಿಡಿ ಬೀಜ ಕೊಟ್ಟ ದಿನದಿಂದ ದ್ಯಾಮಕ್ಕ ಒಂದು ಬೀಜಾನೂ ಬಾಯಿಗೆ ಹಾಕಿರಲಿಲ್ಲ. ಗಂಡ ಗಮನಿಸಿರಲಿಲ್ಲ, ನೆರೆಯವರು ಗಮನಿಸಿರಲಿಲ್ಲ, ಪಥ್ಯದ ಮಗು ದಿನಾ ಮೂಲೇಲಿ ಕೂತು ಎಲ್ಲರ ಎಲೆ ನೋಡ್ತಿತ್ತಲ್ಲ, ಅದಕ್ಕೆ ಕಂಡಿತ್ತು.

ದ್ಯಾಮಕ್ಕ ಎದ್ದುಹೋಗಿ ಇನ್ನೊಂದು ಬಟ್ಟಲು ತಂದು, ಅದೇ ಬೀಜದ ಹಾಲನ್ನ ತನಗೂ ಹಾಕಿಕೊಂಡ್ಲಂತೆ. ಬಾಯಿಗೆ ಇಟ್ಲು. ನುಂಗಿದ್ಲು. ನಿಂಗಿ ಅಮ್ಮನ ಗಂಟಲನ್ನೇ ನೋಡ್ತಾ ಇದ್ದು, ಆಮೇಲೆ ತಾನೂ ಬಾಯಿ ತೆರೆದ್ಲಂತೆ.

ಆಮೇಲಿನ ಮೂರು ದಿನ ಇದೆಯಲ್ಲ, ಅದು ದ್ಯಾಮಕ್ಕನಿಗೆ ಮೂರು ವರ್ಷ. ಮೊದಲನೇ ದಿನ ಹತ್ತು ಸಲ ಮಗು ಹೊಟ್ಟೆ ಮುಟ್ಟಿ ನೋಡಿದ್ಲು, ಮೆತ್ತಗಿತ್ತು. ಎರಡನೇ ದಿನ ಕತ್ತು, ಬೆನ್ನು ತಿರುಗಿಸಿ ತಿರುಗಿಸಿ ನೋಡಿದ್ಲು, ಒಂದು ಗುಳ್ಳೇನೂ ಇರಲಿಲ್ಲ. ಮೂರನೇ ದಿನ ನಿಂಗಿ ಹಿತ್ತಲಿಗೆ ಹೋಗಿ ಬಂದು, ಅಮ್ಮ, ಚೆನ್ನಾಗಿ ಆಯ್ತು ಅಂದ್ಲು. ದ್ಯಾಮಕ್ಕ ಹೋಗಿ ನೋಡಿ ಬಂದು, ಕೈ ತೊಳ್ಕೊಂಡು, ಒಲೆ ಮುಂದೆ ಕೂತು ಸೆರಗಲ್ಲಿ ಮುಖ ಒರೆಸಿಕೊಂಡ್ಲಂತೆ.

ಅಲ್ಲಿಂದ ಒಂದೊಂದೇ ಸೇರಿಸ್ತಾ ಹೋದ್ರು. ಕೊಬ್ಬರಿ ಬಂತು, ಅಗಸೆ ಬಂತು, ಕಡೆಗೆ ಮುದ್ದೇನೂ ಬಂತು. ಎಳ್ಳು ಮಾತ್ರ ಅವಳಿಗೆ ಯಾವತ್ತೂ ಒಗ್ಗಲಿಲ್ಲ. ಸಂಕ್ರಾಂತಿ ಬಂದಾಗ ನಿಂಗಿ ತಟ್ಟೆ ಹಿಡ್ಕೊಂಡು ಊರೆಲ್ಲ ಬೀರೋಕೆ ಹೋಗ್ತಿದ್ಲಂತೆ, ಅವಳ ತಟ್ಟೇಲಿ ಬೆಲ್ಲ, ಕೊಬ್ಬರಿ, ಹುರಿಗಡಲೆ, ಕಡಲೆಬೀಜ. ಗಾಣದ ಮನೆಯೋರ ತಟ್ಟೇಲಿ ಎಳ್ಳೇ ಇಲ್ವಲ್ಲೇ ಅಂತ ಯಾರಾದ್ರೂ ನಕ್ಕರೆ, ನಮ್ಮಲ್ಲಿ ಎಳ್ಳು ಎಣ್ಣೆಗೆ, ಇದು ತಿನ್ನೋಕೆ, ತಗೊಳ್ಳಿ ಅಂತಿದ್ಲಂತೆ. ಅವರೂ ತಗೊಳ್ಳೋರು, ತಿನ್ನೋರು.

ಅಲ್ಲಿಗೆ ನಿಂಗಿ ಪಥ್ಯ ಮುಗೀತು, ಇಲ್ಲಿಗೆ ನನ್ನ ಕತೆ ಮುಗೀತು. ಹೊದ್ದುಕೋ ಇನ್ನ.