ಎರಡನೆಯ ಸೌಟು

ಮಾಳಿಂಗ ಹರಿಗೋಲು ಹಾಕುವವನು. ಅವನ ತೋಳು ಎಂಥವು ಅಂದರೆ, ಹುಟ್ಟು ನೀರಿಗೆ ಬಿದ್ದ ಸಪ್ಪಳ ಕೇಳಿದ್ದೇ ತಡ, ಹೊಳೆಯ ಮೊಸಳೆಗಳು ಮರಿಗಳನ್ನು ಕರೆದುಕೊಂಡು ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದವು. ನಂಬದವರು ಈಜಿಕೊಂಡು ಹೋಗಿ ಮೊಸಳೆಗಳನ್ನೇ ಕೇಳಬಹುದು.

ಹರಿಗೋಲು ಮಾತ್ರ ಅವನದಲ್ಲ. ಕಡವಿನ ಗುತ್ತಿಗೆ ಹಿಡಿದ ತಿಪ್ಪಣಶೆಟ್ಟಿಯದು. ಬೆಳಗಿನಿಂದ ಹೊತ್ತು ಮುಳುಗುವ ತನಕ ಜನರನ್ನು ದಾಟಿಸುವುದು ಮಾಳಿಂಗನ ಕೆಲಸ. ದಿನಕ್ಕೆ ಎರಡು ಸೇರು ಜೋಳ ಕೂಲಿ.

ಎರಡು ಸೇರು ಅಂದರೆ ಉಪ್ಪು, ಎಣ್ಣೆ ಕಳೆದು ಒಂದು ಹೊಟ್ಟೆಗೆ ಸರಿ. ಆದರೆ ಅವನ ಮನಸ್ಸು ಹುಲಗಪ್ಪನ ಮಗಳು ಹೊನ್ನವ್ವನ ಮೇಲಿತ್ತು. ಹುಲಗಪ್ಪ ಕಡ್ಡಿ ಮುರಿದಂತೆ ಹೇಳಿದ್ದ: ಸುಗ್ಗಿ ಮುಗಿಯುವುದರೊಳಗೆ ಮೂರನೆಯ ಸೇರು ತೋರಿಸು, ಇಲ್ಲದಿದ್ದರೆ ಬೇರೆ ಕಡೆ ಕೊಡುತ್ತೇನೆ.

ಅದಕ್ಕೇ ಮಾಳಿಂಗ ಒಂದು ವರ್ಷದಿಂದ ಯಾರೂ ಹೇಳದ ಕೆಲಸಗಳನ್ನೂ ಮೈಮೇಲೆ ಹಾಕಿಕೊಂಡಿದ್ದ. ಹರಿಗೋಲಿನ ತಳಕ್ಕೆ ತಾನೇ ಡಾಂಬರು ಬಳಿದ. ಮುದುಕಿಯರ ಗಂಟು ಹೊತ್ತು ದಡ ಹತ್ತಿಸಿದ. ಶೆಟ್ಟಿಯ ಕುದುರೆಯನ್ನು ದಿನವೂ ತೊಳೆದ. ಅದು ಅಂಥಿಂಥ ಕುದುರೆಯಲ್ಲ. ಅದು ಸೋಮವಾರ ಒದ್ದ ಕಲ್ಲು ಬುಧವಾರ ಕೆಳಗೆ ಬೀಳುತ್ತಿತ್ತು. ಮಾಳಿಂಗನಿಗೊಬ್ಬನಿಗೇ ಅದು ಮೈ ಕೊಡುತ್ತಿದ್ದುದು.

ಮೊದಲ ವಾರ ಶೆಟ್ಟಿ ಶಾಭಾಸ್ ಅಂದ. ಎರಡನೆಯ ವಾರ ಬರೀ ತಲೆ ಆಡಿಸಿದ. ಆಮೇಲೆ ಅದೂ ಇಲ್ಲ. ಮೂರನೆಯ ಸೇರಿನ ಸುದ್ದಿಯಂತೂ ಮೊದಲೇ ಇಲ್ಲ.

ಸುಗ್ಗಿ ಮುಗಿಯಲು ಒಂದು ತಿಂಗಳು ಉಳಿದಿತ್ತು. ಮಾಳಿಂಗ ರೋಸಿಹೋಗಿ ಹೊಳೆದಂಡೆಯ ಮಠಕ್ಕೆ ಬಂದ. ಅಲ್ಲಿದ್ದ ಹುಚ್ಚೀರಜ್ಜ ಅವನ ಗುರು.

"ಅಜ್ಜಾ, ಮೈಮುರಿದು ದುಡಿದರ ಫಲ ಸಿಗತೈತಿ ಅಂದಾಂವ ನೀನ. ಎಲ್ಲೈತಿ ಫಲ?"

"ದುಡಿ ಅಂದಿದ್ದೆ. ಫಲ ನೀನ ಸೇರಿಸಿಕೊಂಡಿ."

"ಹಂಗಾದರ ಇನ್ನೂ ಹೆಚ್ಚಿಗಿ ಮಾಡಲೋ, ಬಿಟ್ಟ ಬಿಡಲೋ?"

ಅಜ್ಜ ಅಂಬಲಿಯ ಗಡಿಗೆ ತಿರುವುತ್ತಿದ್ದ.

"ಬಟ್ಟಲ ಹಿಡಿ," ಅಂದ.

ಆ ಮಠದ ಕಟ್ಟಳೆ ಒಂದೇ. ಮಧ್ಯಾಹ್ನ ಬಂದ ತಲೆಗೊಂದು ಹಿಡಿ ಹಿಟ್ಟು, ತಲೆಗೊಂದು ಸೌಟು ಅಂಬಲಿ. ಗುರುವಿಗೂ ಅಷ್ಟೇ, ಕೊನೆಗೆ ಬಂದ ಭಿಕ್ಷುಕನಿಗೂ ಅಷ್ಟೇ. ಸೌಟು ಮಾತ್ರ ದೊಡ್ಡದು. ಹಿಂದೊಮ್ಮೆ ಹೊಳೆ ತುಂಬಿ ಬಂದಾಗ ಒಬ್ಬ ಮುದುಕಿ ಅದರಲ್ಲೇ ಕೂತು ದಡ ಸೇರಿದ್ದಳು.

ಅಂದು ಅಜ್ಜ ಮಾಳಿಂಗನಿಗೆ ಒಂದು ಸೌಟು ಹಾಕಿ, ಮೇಲೆ ಇನ್ನೊಂದು ಸೌಟು ಹಾಕಿದ. ಮಾಳಿಂಗನ ಕಣ್ಣು ತುಂಬಿ ಬಂತು. ಕಾಲಿಗೆ ಬಿದ್ದ.

ಮರುದಿನವೂ ಎರಡು ಸೌಟು. ಮಾಳಿಂಗ ಕೈ ಮುಗಿದ. ಐದನೆಯ ದಿನ ಸುಮ್ಮನೆ ಬಟ್ಟಲು ಒಡ್ಡಿದ. ಒಂಬತ್ತನೆಯ ದಿನ ಮನೆಯಿಂದ ದೊಡ್ಡ ಬಟ್ಟಲು ತಂದ.

ಹತ್ತನೆಯ ದಿನ ಅಜ್ಜ ಒಂದು ಸೌಟು ಹಾಕಿ ಮುಂದಿನವನ ಹತ್ತಿರ ಹೋದ.

"ಅಜ್ಜಾ, ನಂದು ಇನ್ನೊಂದು ಸೌಟು ಉಳೀತು."

"ನಿಂದಾ? ಯಾವಾಗಿಂದ?"

ಮಾಳಿಂಗನಿಗೆ ಮೈಯೆಲ್ಲ ಉರಿಯಿತು. ಕೂಲಿ ಹೆಚ್ಚಾಗುವ ದಾರಿ ಕೇಳಿದರೆ ಈ ಮುದುಕ ಇದ್ದ ಅಂಬಲಿಯನ್ನೂ ಕಡಿಮೆ ಮಾಡಿದನಲ್ಲ ಎಂದು ಗೊಣಗುತ್ತ ಹರಿಗೋಲು ಹತ್ತಿದ.

ನಡುಹೊಳೆಯಲ್ಲಿ ಅವನ ಕೈ ನಿಂತಿತು. ಹರಿಗೋಲು ಗಿರಗಿರನೆ ತಿರುಗತೊಡಗಿತು. ಒಳಗಿದ್ದವರು ಅವನ ಮೂರು ತಲೆಮಾರನ್ನು ಬೈದರು. ಅವನಿಗೆ ಕೇಳಿಸಲಿಲ್ಲ. ಮೊದಲ ದಿನ ಕಾಲಿಗೆ ಬಿದ್ದವನೂ ತಾನೇ, ಹತ್ತನೆಯ ದಿನ ನಂದು ಅಂದವನೂ ತಾನೇ.

ಮರುದಿನ ಮಾಳಿಂಗ ಕುದುರೆಯ ಕಡೆ ಹೋಗಲಿಲ್ಲ. ನೆಟ್ಟಗೆ ಕಡವಿಗೆ ಬಂದು ಹುಟ್ಟು ಹಿಡಿದು ಕೂತ. ಶೆಟ್ಟಿ ದಡದಲ್ಲಿ ಕೂಗಾಡುತ್ತ ಬಂದ.

"ಕುದುರಿ ಹಂಗ ನಿಂತೈತಿ. ನಿನ್ನ ಕೆಲಸ ಯಾರು ಮಾಡಬೇಕಲೇ?"

"ಅದು ನನ್ನ ಕೆಲಸಾ, ಶೆಟ್ರ?"

"ಮತ್ತ ನಿಮ್ಮಪ್ಪಂದಾ?"

"ನಂದ ಅಂದಮ್ಯಾಲೆ ಅದರ ಕೂಲಿ ಎಷ್ಟು ಹೇಳ್ರಿ."

ಶೆಟ್ಟಿ ಮಾಳಿಂಗನ ಸೊಕ್ಕಿನ ಬಗ್ಗೆ ಆಡಬಾರದ್ದೆಲ್ಲ ಆಡಿ, ಕುದುರೆ ತೊಳೆಯುವವರು ಊರಲ್ಲಿ ನೂರು ಜನ ಇದ್ದಾರೆ ಎಂದು ಹೊರಟುಹೋದ.

ನೂರರಲ್ಲಿ ಇಬ್ಬರು ಬಂದರು. ಒಬ್ಬನನ್ನು ಕುದುರೆ ಹುಣಸೆಮರದ ತುದಿಯಲ್ಲಿ ಕೂರಿಸಿತು. ಇನ್ನೊಬ್ಬ ಹರಿಗೋಲಿಲ್ಲದೆ ಹೊಳೆ ದಾಟಿದ. ಹದಿನೈದು ದಿನಕ್ಕೆ ಕುದುರೆಯ ನಾತಕ್ಕೆ ಆಚೆ ದಡದ ನಾಯಿಗಳು ಊರು ಬಿಟ್ಟವು. ಅಷ್ಟೂ ದಿನ ಮಾಳಿಂಗ ಹುಟ್ಟು ಹಾಕಿದ, ಹುಟ್ಟು ಮಾತ್ರ ಹಾಕಿದ. ರಾತ್ರಿ ಮಲಗಿ ಲೆಕ್ಕ ಹಾಕಿದ: ಇದ್ದ ಎರಡು ಸೇರೂ ಹೋದರೆ ಹೊನ್ನವ್ವನ ಮಾತಂತೂ ಬಿಡಿ.

ಕೊನೆಗೆ ಶೆಟ್ಟಿಯೇ ಮೂಗು ಮುಚ್ಚಿಕೊಂಡು ಬಂದ. ಮೂರನೆಯ ಸೇರು ತಗೊಂಡು ಸಾಯಿ, ಮೊದಲು ಕುದುರೆ ತೊಳಿ ಎಂದ. ಡಾಂಬರಿನ ಮಾತು ಎತ್ತಬೇಡ ಎಂದೂ ಎಚ್ಚರಿಸಿದ.

ಸುಗ್ಗಿ ಮುಗಿಯಲು ನಾಲ್ಕು ದಿನ ಇರುವಾಗ ಹುಲಗಪ್ಪ ಎಲೆ ಅಡಿಕೆ ಹಿಡಿದ.

ಮಾಳಿಂಗ ಹಿಗ್ಗಿನಿಂದ ಮದುವೆಗೆ ಕರೆಯಲು ಮಠಕ್ಕೆ ಬಂದ. ಅಂಬಲಿಯ ಹೊತ್ತು. ಅಡುಗೆಯ ಸಿದ್ದವ್ವ ಪಡಸಾಲೆಯಲ್ಲಿ ಕೂತವರ ತಲೆ ಎಣಿಸಿ, ಗಡಿಗೆಗೆ ಹಿಡಿ ಹಿಡಿಯಾಗಿ ಹಿಟ್ಟು ಹಾಕುತ್ತಿದ್ದಳು. ನೋಡುತ್ತ ನಿಂತ ಮಾಳಿಂಗನಿಗೆ ಏನೋ ಚುಚ್ಚಿದಂತಾಯಿತು. ಆ ಒಂಬತ್ತು ದಿನ ತನಗಾಗಿ ಒಂದು ಹಿಡಿ ಹೆಚ್ಚು ಹಾಕಿದ್ದಳೇನು ಎಂದು ಕೇಳಿದ.

ಸಿದ್ದವ್ವ ಸಿಡುಕಿದಳು. ಮಠದ ಕಟ್ಟಳೆ ಮುರಿಯಲು ತಾನ್ಯಾರು, ತಲೆ ಎಷ್ಟೋ ಹಿಡಿ ಅಷ್ಟೇ ಎಂದಳು.

ಮಾಳಿಂಗ ಪಡಸಾಲೆಗೆ ಬಂದ. ಅಜ್ಜ ಎಲ್ಲರಿಗೂ ಬಡಿಸಿ, ಕೊನೆಯ ಸೌಟು ತನ್ನ ಬಟ್ಟಲಿಗೆ ಸುರಿದುಕೊಂಡು ಕುಡಿಯುತ್ತಿದ್ದ. ಅವನ ಹೆಗಲಿನ ಎಲುಬು ಎದ್ದು ಕಾಣುತ್ತಿತ್ತು.

"ಅಜ್ಜಾ, ಆ ಎರಡನೇ ಸೌಟು ಯಾರದಾಗಿತ್ತು?"

ಅಜ್ಜ ಬಟ್ಟಲ ತಳ ಬೆರಳಿನಿಂದ ಬಳಿದು ನೆಕ್ಕಿದ.

"ಒಂಬತ್ತು ದಿನ ನೀನೂ ಕೇಳಲಿಲ್ಲ. ಒಂದು ವರ್ಷ ನಿಮ್ಮ ಶೆಟ್ಟೀನೂ ಕೇಳಲಿಲ್ಲ."