ಹೆಂಚು ತೆಗೆಸಲಿದ್ದ ನಕ್ಷೆ

ಹಾಲಿನ ಸಂಘದ ಮಹಾಸಭೆ ಹತ್ತಿರ ಬಂತು. ಅಧ್ಯಕ್ಷ ಪುಟ್ಟಮಾದಪ್ಪನವರು ಗುಮಾಸ್ತನನ್ನು ಕರೆದು ಗದರಿದರು: “ಗೋಡೆ ಮೇಲೆ ವರ್ಷಕ್ಕೊಂದು ಕಂಬ ಎಳೆದು ಹಾಲಿನ ಲೆಕ್ಕದ ನಕ್ಷೆ ಬರಿ. ಈ ವರ್ಷದ ಹಾಲಿನ ಕಂಬ ಸೂರು ಮುಟ್ಟಬೇಕು. ಇಲ್ಲದಿದ್ದರೆ ನಾಳೆಯಿಂದ ನಿನಗಿಲ್ಲಿ ಕೆಲಸವಿಲ್ಲ.”

ಗುಮಾಸ್ತ ಕೆಲಸ ಬಿಡುವಂತಿಲ್ಲ, ಊರಿಗೆ ಸುಳ್ಳು ತೋರಿಸುವಂತೆಯೂ ಇಲ್ಲ. ತಲೆಯಾಡಿಸಿ, ನೀಲಿ ಕಂಬವನ್ನು ಸೂರಿನವರೆಗೆ ಎಳೆದ. ಆಮೇಲೆ ಏಣಿ ಹತ್ತಿ ಹೆಂಚಿಗೆ ಕೈಹಾಕಿದ.

“ಲೋ, ಹೆಂಚು ಯಾಕೋ ತೆಗೀತೀಯ?”

“ಹೋದ ವರ್ಷದ ಕಂಬಕ್ಕೆ ಸ್ವಾಮಿ. ಹಿಂದಿನ ಅಧ್ಯಕ್ಷರ ಕಾಲದಲ್ಲಿ ಹಾಲು ಇನ್ನೂ ಹೆಚ್ಚು ಬಂದಿತ್ತಲ್ಲ, ಅದು ಸೂರು ದಾಟುತ್ತೆ.”

“ಅದನ್ನ ಗಿಡ್ಡ ಮಾಡೋ!”

“ಹಾಲು ಹಾಕೋ ಒಬ್ಬೊಬ್ಬರಿಗೆ ಒಂದೊಂದು ಅಳತೆ ಇಟ್ಟರೆ ಬಿಡ್ತಾರಾ ಸ್ವಾಮಿ? ಕಂಬಕ್ಕೂ ಅಷ್ಟೇ, ಎರಡಕ್ಕೂ ಒಂದೇ ಅಳತೆ.”

ಹಿಂದಿನವನ ಕಂಬ ಸೂರಿನಾಚೆ ನಿಂತು ಬಸ್‌ಸ್ಟ್ಯಾಂಡಿಗೂ ಕಾಣುವುದನ್ನು ನೆನೆದು ಪುಟ್ಟಮಾದಪ್ಪ ಬೆವರಿದರು.

“ನನ್ನದನ್ನ ಮೊಣಕಾಲಿಗೆ ಇಳಿಸಪ್ಪ,” ಎಂದರು, “ಅವನು ಸೊಂಟದ ಹತ್ತಿರವೇ ನಿಲ್ಲಲಿ.”